ನೇವಿ ಚಾಚಾನ ಎದುರು ನಾನು ಗೆದ್ದ ವಾದಗಳು

ಭದ್ರಾವತಿಯ ನೇವಿ ಚಾಚಾನ ಜೊತೆ ಮಾಡಿದ ಒಂದು ವಾದವನ್ನೂ ನಾನು ಸೋತಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದೇ ಓದಿಕೊಳ್ಳಬೇಕು.

ಅವರು ಹೋಗಿ ಇಪ್ಪತ್ತು ದಿನವಾಯಿತು. ಸುದ್ದಿ ಬಂದಾಗ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿ ಕೂತಿದ್ದೆ. ವೇದಿಕೆ ಮೇಲೆ ಒಬ್ಬ ಹುಡುಗಿ ಅನುಭವಕ್ಕಿಂತ ತರ್ಕವೇ ದೊಡ್ಡದು ಎಂದು ಮೇಜು ಕುಟ್ಟುತ್ತಿದ್ದಳು, ಥೇಟ್ ನನ್ನ ಹಾಗೆ. ಫೋನು ನಡುಗಿತು. ಚಾಚಾನ ಪಕ್ಕದ ಟೀ ಅಂಗಡಿಯ ಸೆಲ್ವ ಅಣ್ಣನ ಮೆಸೇಜು: 'ಚಾಚಾ ಹೋಗ್ಬಿಟ್ರು. ಸಂಜೆ ನಮಾಜ್ ಆದ್ಮೇಲೆ ಮಣ್ಣು.' ಆ ಹುಡುಗಿಗೆ ಹತ್ತಕ್ಕೆ ಒಂಬತ್ತು ಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಓಡಿದ್ದಕ್ಕೆ ದುಃಖವೊಂದೇ ಕಾರಣವಾಗಿರಲಿಲ್ಲ. ಅದಕ್ಕೂ ಆರು ದಿನ ಮೊದಲು ಫೋನಿನಲ್ಲಿ ಅವರಿಗೊಂದು ಸುಳ್ಳು ಹೇಳಿದ್ದೆ. ಈ ವಾರ ಹೋಗಿ ಅದನ್ನು ನಿಜ ಮಾಡಿಬಿಡೋಣ ಅಂದುಕೊಂಡಿದ್ದೆ. ಅವರು ಕಾಯಲಿಲ್ಲ. ಆ ಸುಳ್ಳು ಎಷ್ಟು ತೂಕದ್ದು ಅಂತ ತಿಳಿಯಬೇಕಾದರೆ ಮೊದಲು ಮನುಷ್ಯ ಎಂಥವರು ಅಂತ ತಿಳಿಯಬೇಕು.

ನಾನು ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದ ಕಾಲ. ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಿಂದ ಹೊರಟು ನೇರ ಬಸ್ ಹಿಡಿಯಬೇಕು. ತಪ್ಪಿದರೆ ಭದ್ರಾವತಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ನನಗೆ ತಪ್ಪುತ್ತಿದ್ದುದೇ ಹೆಚ್ಚು. ಬೆಳಿಗ್ಗೆ ಅಪ್ಪನ ಜೊತೆ ಶುರುವಾದ ವಾದವನ್ನು ಮುಗಿಸದೆ ಮನೆ ಬಿಡುವ ಅಭ್ಯಾಸ ನನಗಿರಲಿಲ್ಲ. ಹಾಗಾಗಿ ಭದ್ರಾವತಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸೆಲ್ವ ಅಣ್ಣನ ಟೀ ಅಂಗಡಿ ಗೊತ್ತಾಯಿತು. ಅದರ ಪಕ್ಕದಲ್ಲೇ ಚಾಚಾನ ವರ್ಕ್‌ಶಾಪು. ಪಂಪ್‌ಸೆಟ್, ಜನರೇಟರ್, ಯಾವ ಡೀಸೆಲ್ ಎಂಜಿನ್ನಾದರೂ ಅಲ್ಲಿಗೆ ಬರುತ್ತಿತ್ತು.

ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಅವರ ಎಡಗೈ. ನಿಂತಲ್ಲೆಲ್ಲ ಅದು ಏನನ್ನಾದರೂ ಹಿಡಿದುಕೊಂಡೇ ಇರುತ್ತಿತ್ತು. ಅಂಗಡಿಯ ಕಂಬ, ಬೆಂಚಿನ ಬೆನ್ನು, ಯಾವುದೂ ಇಲ್ಲದಿದ್ದರೆ ಪಕ್ಕದವರ ಭುಜ. ಬಲಗೈಯಲ್ಲಿ ಟೀ, ಅದೂ ಅರ್ಧ ಲೋಟ. ಮುಗಿದ ಮೇಲೆ ಇನ್ನರ್ಧ.

"ಒಂದೇ ಸಲ ಪೂರ್ತಿ ತಗೊಳ್ಳಬಹುದಲ್ವಾ?" ಎಂದು ಕೇಳಿದೆ. ಕೇಳದೆ ಇರಲಾರದ ಜನ್ಮ ನನ್ನದು.

"ಚೆಲ್ಲುತ್ತೆ."

"ಯಾಕೆ ಚೆಲ್ಲುತ್ತೆ?"

"ಅಲ್ಲಾಡಿದ್ರೆ."

"ಇದು ಭದ್ರಾವತಿ ಚಾಚಾ. ಅಲ್ಲಾಡಲ್ಲ."

"ಹಾಂ," ಎಂದು ಕಾಲಕೆಳಗಿನ ನೆಲ ನೋಡಿದರು. "ಇನ್ನೂವರೆಗೆ ಇಲ್ಲ."

ಸೆಲ್ವ ಅಣ್ಣ ನಕ್ಕು ಪರಿಚಯ ಮಾಡಿಸಿದ. ಈ ಮನುಷ್ಯ ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದವರು, ಗಸ್ತು ದೋಣಿಯ ಎಂಜಿನ್ ರೂಮಿನಲ್ಲಿ. ನಾನು ಆ ಕ್ಷಣವೇ ನಂಬಲಿಲ್ಲ. ಸಮುದ್ರಕ್ಕೂ ಭದ್ರಾವತಿಗೂ ನಡುವೆ ಇಡೀ ಘಟ್ಟವಿದೆ. ಅಲ್ಲದೆ ಊರಿಗೊಬ್ಬ ಮಾಜಿ ಸೈನಿಕ, ಊರಿಗೊಬ್ಬ ಯುದ್ಧದ ಕತೆ. ನಾನು ಇಂಥವರನ್ನು ಬಹಳ ನೋಡಿದ್ದೆ. ಮರುದಿನದಿಂದ ಪಾಟೀಸವಾಲು ಶುರು ಮಾಡಿದೆ.

"ಎಷ್ಟು ದೊಡ್ಡ ಹಡಗು?"

"ಹಡಗಲ್ಲಮ್ಮ, ದೋಣಿ. ದೊಡ್ಡ ಹಡಗಿನೋರು ನಮ್ಮನ್ನ ಆಟೋ ಅಂತಿದ್ರು. 'ಏ ಆಟೋ, ಸೈಡಿಗೆ ಹಾಕು' ಅಂತ." ಎಂಜಿನ್ ರೂಮಿನಲ್ಲಿ ಬಾಳಿ ಅವರ ಕಿವಿ ಮಂದವಾಗಿತ್ತು, ಮಾತಾಡಿದರೆ ರಸ್ತೆ ಆಚೆಗೂ ಕೇಳುತ್ತಿತ್ತು.

"ಎಷ್ಟು ಶತ್ರುಗಳನ್ನ ಹಿಡಿದ್ರಿ?"

"ಒಬ್ಬನೂ ಸಿಗ್ಲಿಲ್ಲ."

"ಹದಿನೈದು ವರ್ಷದಲ್ಲಿ?"

"ದಡದ ಪಕ್ಕ ಹೋಗೋದು, ಬರೋದು. ಮೀನಿನ ದೋಣಿ ಕಂಡ್ರೆ ಕಾಗದ ನೋಡೋದು. ನಾನಂತೂ ಅದನ್ನೂ ನೋಡಿಲ್ಲ, ಕೆಳಗಿರ್ತಿದ್ದೆ. ವಾಂತಿ ಮಾಡ್ತಾ."

"ವಾಂತಿನಾ?"

"ಮತ್ತೆ? ಸಣ್ಣ ದೋಣಿ, ಮೊಸರು ಕಡೆದ ಹಾಗೆ ಕಡೀತಿತ್ತು. ಎಂಜಿನ್ ಪಕ್ಕ ಒಂದು ಕೊಕ್ಕೆ, ಕೊಕ್ಕೆಗೆ ನನ್ನ ಬಕೆಟ್. ಮೊದಲನೇ ದಿನದಿಂದ ಕೊನೇ ದಿನದವರೆಗೆ ಅದೇ ಬಕೆಟ್."

ಆ ಸಂಜೆ ಅವರು ಮನೆಗೆ ಹೋದ ಮೇಲೆ ನಾನು ತೀರ್ಪು ಕೊಟ್ಟೆ: ನಿಜವಾದ ನಾವಿಕನಿಗೆ ಹದಿನೈದು ವರ್ಷ ವಾಂತಿಯಾಗಲು ಸಾಧ್ಯವಿಲ್ಲ, ಆದ್ದರಿಂದ ಇವರು ನಾವಿಕರಲ್ಲ. ಸೆಲ್ವ ಅಣ್ಣ ಲೋಟ ತೊಳೆಯುತ್ತಾ ಹೇಳಿದ, "ಸುಳ್ಳು ಹೇಳೋನು ಬಂದೂಕು ಸೇರಿಸ್ತಾನೆ ಮಾರಾಯ್ತಿ, ಬಕೆಟ್ ಸೇರಿಸಲ್ಲ." ರಾಜ್ಯಮಟ್ಟದಲ್ಲಿ ಬಹುಮಾನ ಗೆದ್ದವಳಿಗೆ ಟೀ ಅಂಗಡಿಯಲ್ಲಿ ಇಷ್ಟು ಸಾಕಾಗಬೇಕಿತ್ತು. ನಾನು ಮಾತ್ರ ಬಸ್ಸು ಹತ್ತಿ, ಶಿವಮೊಗ್ಗ ಬರುವವರೆಗೂ ಅದಕ್ಕೆ ಮರುವಾದ ಹೊಂದಿಸುತ್ತಾ ಕೂತಿದ್ದೆ.

ಅವರು ನನ್ನನ್ನು ವಕೀಲಮ್ಮ ಎಂದು ಕರೆಯತೊಡಗಿದರು. ನಾನು ಅದನ್ನು ಬಿರುದು ಎಂದುಕೊಂಡೆ.

ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ಎತ್ತಿದ ಕೂಡಲೇ ಅವರು ಕೆಲಸಕ್ಕೆ ಕೂರುತ್ತಿರಲಿಲ್ಲ. ಒಳಗಿದ್ದ ಪ್ರತಿ ಎಂಜಿನ್ನಿನ ಹತ್ತಿರ ಹೋಗಿ ಪೈಪು, ಬೋಲ್ಟು, ಟ್ಯಾಂಕಿನ ಕೆಳಭಾಗ ಎಲ್ಲವನ್ನೂ ಕೈಯಿಂದ ಸವರುತ್ತಿದ್ದರು, ಕೊಟ್ಟಿಗೆಯಲ್ಲಿ ದನ ಸವರುವ ಹಾಗೆ. ಕೊನೆಗೆ ಯಾರೂ ಇಲ್ಲದ ಗೋಡೆಗೆ ಗಟ್ಟಿಯಾಗಿ "ತಗೊಂಡೆ" ಅನ್ನುತ್ತಿದ್ದರು. ಇದೇನು ಮಂತ್ರ ಎಂದು ಕೇಳಿದಾಗ ವಿವರಿಸಿದರು. ದೋಣಿಯಲ್ಲಿ ಎಂಜಿನ್ ಕಾಯುವುದಕ್ಕೆ ಪಾಳಿ ಇರುತ್ತದೆ. ಪಾಳಿ ಬಿಡುವವನು 'ಎಲ್ಲಾ ಸರಿ ಇದೆ' ಅಂತ ಎಷ್ಟೇ ಹೇಳಲಿ, ಪಾಳಿಗೆ ಬಂದವನು ಅದನ್ನು ನಂಬುವ ಹಾಗಿಲ್ಲ. ತಾನೇ ಒಂದೊಂದನ್ನೂ ಮುಟ್ಟಿ ನೋಡಿ, ಆಮೇಲೆ 'ತಗೊಂಡೆ' ಅನ್ನಬೇಕು. ಅವನು ಹಾಗನ್ನುವವರೆಗೆ ಇವನು ಜಾಗ ಬಿಟ್ಟು ಹೋಗುವಂತಿಲ್ಲ. ಎಷ್ಟು ನಿದ್ದೆ ಬಂದಿರಲಿ, ಹೊಟ್ಟೆ ಎಷ್ಟು ಹಸಿದಿರಲಿ.

"ಮುಟ್ಟದೆ 'ತಗೊಂಡೆ' ಅಂದ್ರೆ ಏನಾಗುತ್ತೆ?"

"ನಾನು ಅಂದಿದ್ದೆ ಒಂದ್ಸಲ." ಕೈ ಒರೆಸಿಕೊಂಡರು. "ನಿದ್ದೆಗಣ್ಣು. ತಗೊಂಡೆ ಅಂದು ಕೂತೆ. ತಣ್ಣೀರಿನ ಪೈಪು ಒಂದು ಕಡೆ ಬಿಟ್ಟಿತ್ತು, ಕೈಯಿಟ್ಟಿದ್ರೆ ಗೊತ್ತಾಗ್ತಿತ್ತು. ಎಂಜಿನ್ ಕಾದು ಹಿಡ್ಕೊಂಡ್ಬಿಡ್ತು, ನಿಂತೇಹೋಯ್ತು. ಅರ್ಧ ದಿನ ಅಲ್ಲೇ ಉರುಳಾಡಿದ್ವಿ. ಕೊನೆಗೆ ಯಾರು ಎಳ್ಕೊಂಡು ಬಂದ್ರು ಹೇಳು?"

"ದೊಡ್ಡ ಹಡಗು?"

"ಮೀನಿನ ದೋಣಿ! ನಾವು ಕಾಗದ ನೋಡ್ತಿದ್ವಲ್ಲ, ಅದೇ. ದೇಶ ಕಾಯೋರನ್ನ ಹಗ್ಗ ಕಟ್ಟಿ ಎಳ್ಕೊಂಡು ಬಂದು, ಪಾಪ ಹಸಿದಿದ್ದೀರಿ ಅಂತ ಒಂದು ಬುಟ್ಟಿ ಬಂಗಡೆನೂ ಕೊಟ್ರು. ಅವತ್ತು ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರೋದು."

ಎರಡು ಕಡೆಯೂ ವಾದಿಸಿ ಅಭ್ಯಾಸವಿದ್ದ ನಾನು ತಕ್ಷಣ ಹೇಳಿದೆ: ಯಾರನ್ನೂ ನಂಬದೆ ಎಲ್ಲವನ್ನೂ ಸ್ವತಃ ಮುಟ್ಟಿ ನೋಡುವ ವ್ಯವಸ್ಥೆ ಮುಂದುವರಿಯಲಾರದು, ನಾಗರಿಕತೆ ನಿಂತಿರುವುದೇ ನಂಬಿಕೆಯ ಮೇಲೆ. ಅದರ ಹಿಂದಿನ ವಾರವಷ್ಟೇ ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು ಎಂದು ಒಂದು ಕಪ್ ಗೆದ್ದಿದ್ದೆ. ಚಾಚಾ ತಲೆಯಾಡಿಸಿ, "ಒಳ್ಳೇ ಮಾತು," ಎಂದು ಸ್ಪ್ಯಾನರ್ ಕೈಗೆತ್ತಿಕೊಂಡರು. ಗೆದ್ದೆ.

ಇನ್ನು ದೊಡ್ಡ ಗೆಲುವಿನ ವಿಷಯ.

ನನ್ನ ಸಹಪಾಠಿ ಮಂಜ ಭದ್ರಾವತಿಯವನು. ಅವನು ಕಟ್ಟಿದ ಯುವಕ ಸಂಘಕ್ಕೆ ಒಬ್ಬ ದಾನಿ ರಬ್ಬರಿನ ದೋಣಿಯೊಂದನ್ನು ಕೊಡಿಸಿದರು, ಹಿಂದೆ ಸಿಕ್ಕಿಸುವ ಎಂಜಿನ್ ಸಮೇತ. ಮಳೆಗಾಲದಲ್ಲಿ ಡ್ಯಾಮಿನ ಗೇಟು ಎತ್ತಿದರೆ ಭದ್ರಾ ಹೊಳೆ ಪಕ್ಕದ ಕಾಲೋನಿಗಳಿಗೆ ನೀರು ನುಗ್ಗುತ್ತದೆ. ಆಗ ಜನರನ್ನು ತರಲು. ಉದ್ಘಾಟನೆ ಜೋರಾಗಿ ನಡೆಯಿತು. ನಿರೂಪಣೆ ನನ್ನದು. ಮೈದಾನದಲ್ಲಿ ಎರಡು ಬೆಂಚಿನ ಮೇಲೆ ದೋಣಿ, ದೋಣಿಗೆ ಚೆಂಡುಹೂವಿನ ಹಾರ, ಎಂಜಿನ್ನಿಗೆ ಕುಂಕುಮ, ಪ್ರೊಪೆಲ್ಲರಿನ ಕೆಳಗೆ ನಿಂಬೆಹಣ್ಣು. ಹೊಸ ಬೈಕಿಗೆ ಮಾಡುವ ಪೂಜೆ ಗೊತ್ತಿತ್ತು, ಅದನ್ನೇ ಮಾಡಿದೆವು. ಬೈಕನ್ನು ಪೂಜೆಯಾದ ಮೇಲೆ ಸ್ಟಾರ್ಟ್ ಮಾಡುತ್ತೇವಲ್ಲ, ಹಾಗೆಯೇ ಅತಿಥಿಗಳ ಮುಂದೆ ಎಂಜಿನ್ನನ್ನೂ ಸ್ಟಾರ್ಟ್ ಮಾಡಿದೆವು. ಒಣ ಮೈದಾನದಲ್ಲಿ. ಜನ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಚಾಚಾ ಎದ್ದು ಬಂದರು. ಎಡಗೈಯಲ್ಲಿ ಒಂದೊಂದೇ ಕುರ್ಚಿಯ ಬೆನ್ನು ಹಿಡಿಯುತ್ತಾ.

"ಬಂದ್ ಮಾಡಿ. ಇದನ್ನ ನೀರಿಲ್ದೆ ಓಡಿಸ್ಬಾರ್ದು. ಒಂದು ಡ್ರಮ್ಮಲ್ಲಿ ನೀರು ತುಂಬಿ ಇಳಿಸಿ, ಆಮೇಲೆ ಓಡಿಸಿ."

ನನ್ನ ಕೈಯಲ್ಲಿ ಮೈಕಿತ್ತು. ನನ್ನಂಥವರ ಕೈಗೆ ಮೈಕು ಕೊಡುವವರಿಗೂ ಶಿಕ್ಷೆಯಾಗಬೇಕು.

"ಚಾಚಾ, ಎಂಜಿನ್ನಿಗೆ ಬೇಕಾಗಿದ್ದು ಪೆಟ್ರೋಲು ಮತ್ತು ಗಾಳಿ. ಎರಡೂ ಇವೆ. ಓಡುತ್ತಿದೆ. ಓಡುತ್ತಿರುವುದೇ ಸಾಕ್ಷಿ. ಓಡಬಾರದು ಎನ್ನುವುದಕ್ಕೆ ನಿಮ್ಮ ಸಾಕ್ಷಿ ಏನು?"

ಅವರು ಎಂಜಿನ್ನಿನ ಪಕ್ಕದ ಒಂದು ಸಣ್ಣ ತೂತಿಗೆ ಅಂಗೈ ಅಡ್ಡ ಹಿಡಿದು, ಬರಿಗೈಯನ್ನು ನನಗೆ ತೋರಿಸಿದರು. "ಉಚ್ಚೆ ಹೊಯ್ತಿಲ್ಲ ನೋಡು."

ಮೈದಾನ ಬಿದ್ದು ಬಿದ್ದು ನಕ್ಕಿತು. ಇಂಥ ಎಂಜಿನ್ ಹೊಳೆಯ ನೀರನ್ನೇ ಒಳಗೆಳೆದುಕೊಂಡು ತಣ್ಣಗಾಗುತ್ತದೆ, ಒಳಗೊಂದು ರಬ್ಬರ್ ಚಕ್ರ ಆ ನೀರನ್ನು ಎತ್ತುತ್ತದೆ, ಎತ್ತುತ್ತಿದೆ ಎಂಬುದಕ್ಕೆ ಗುರುತಾಗಿ ಆ ತೂತಿನಿಂದ ಸಣ್ಣ ಧಾರೆ ಬೀಳುತ್ತದೆ, ನೀರಿಲ್ಲದೆ ತಿರುಗಿದರೆ ಚಕ್ರ ಸುಟ್ಟು ಹರಿಯುತ್ತದೆ ಎಂದು ವಿವರಿಸಲು ಅವರಿಗೆ ಸಮಯ ಬೇಕಿತ್ತು. ಸಮಯ ನನ್ನ ಹತ್ತಿರವಿತ್ತು, ನಾನು ಕೊಡಲಿಲ್ಲ. "ಚಾಚಾನ ಹಾಸ್ಯಪ್ರಜ್ಞೆಗೆ ಒಂದು ಚಪ್ಪಾಳೆ," ಎಂದೆ. ಮುಖ್ಯ ಅತಿಥಿಗಳ ಭಾಷಣ ಅರ್ಧ ಮುಗಿಯುವವರೆಗೆ ಎಂಜಿನ್ ಹಿಂದೆ ಗುರುಗುಟ್ಟುತ್ತಲೇ ಇತ್ತು.

ಮರುದಿನ ಟೀ ಅಂಗಡಿಯಲ್ಲಿ ಚಾಚಾ ಮೆಲ್ಲಗೆ, ಅಂದರೆ ಬಸ್ ಸ್ಟ್ಯಾಂಡಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಹೇಳಿದರು: "ಒಂದ್ಸಲ ಬಿಚ್ಚಿ ನೋಡೋಣ ಬೇಟಿ. ಅರ್ಧ ಗಂಟೆ ಕೆಲಸ." ಹೊಸ ಎಂಜಿನ್, ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದೆ. ಅದನ್ನೂ ಗೆದ್ದೆ.

ಆ ವರ್ಷದ ಮಳೆ ಹೇಗಿತ್ತೆಂದರೆ, ಗೇಟು ಎತ್ತಿದ ಮರುದಿನ ಬೆಳಿಗ್ಗೆ ಭದ್ರಾವತಿಯ ಹೊಸ ಸೇತುವೆ ನೀರಿನಡಿ ಹೋಗಿತ್ತು. ಹಳೇ ಸೇತುವೆ ನಿಂತಿತ್ತು. ಭದ್ರಾವತಿಯವರಿಗೆ ಇದು ಹೊಸದಲ್ಲ. ನಾವು ದೋಣಿ ತೆಗೆದುಕೊಂಡು ಹೊಳೆ ಪಕ್ಕದ ಕಾಲೋನಿಗೆ ಹೋದಾಗ ಚಾಚಾ ಆಗಲೇ ಅಲ್ಲಿದ್ದರು, ಭುಜದ ಮೇಲೆ ದಪ್ಪ ನೈಲಾನ್ ಹಗ್ಗದ ದೊಡ್ಡ ಸುರುಳಿ. ಒಂದು ತುದಿಯನ್ನು ಬೇವಿನ ಮರಕ್ಕೆ ಎರಡು ಸುತ್ತು ಹಾಕಿದ್ದರು, ಇನ್ನೊಂದನ್ನು ನಮ್ಮನ್ನು ಕೇಳದೆಯೇ ದೋಣಿಗೆ ಕಟ್ಟಿದರು.

"ನಾಯಿಗೆ ಚೈನ್ ಹಾಕಿದ ಹಾಗಾಯ್ತಲ್ಲ ಚಾಚಾ," ಎಂದ ಮಂಜ.

"ಆಗ್ಲಿ. ಉಚ್ಚೆ ಹೊಯ್ಯೋವರೆಗೆ ಚೈನ್ ಇರ್ಲಿ."

ಕೊನೆಯ ಸಾಲಿನ ಮನೆಯ ತಾರಸಿ ಮೇಲೆ ಒಬ್ಬ ಅಜ್ಜಿ ಒಂದು ಹೊಲಿಗೆ ಯಂತ್ರದ ಜೊತೆ ಕೂತಿದ್ದರು. ಯಂತ್ರ ಬಿಟ್ಟು ಬರಲೊಲ್ಲರು. ಅವರ ಜೊತೆ ವಾದ ಮಾಡಿದ್ದು ನಾನು. ನನ್ನ ಜೀವನದಲ್ಲಿ ಬಾಯಿಬಿಟ್ಟು ಸೋತ ಏಕೈಕ ವಾದ. ಇಬ್ಬರನ್ನೂ ಹತ್ತಿಸಿಕೊಂಡೆವು. ತಿರುಗಿ ಬರುವಾಗ ಎಂಜಿನ್ ಸಣ್ಣಗೆ ಕೀ ಎಂದು ಕೂಗತೊಡಗಿತು.

"ಅದೇನೇ ಸದ್ದು?" ಎಂದ ಮಂಜ.

"ಹಾರ್ನು," ಎಂದೆ. ಖಚಿತವಾಗಿ.

ಎರಡು ಮನೆ ದಾಟುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ಎಂಜಿನ್ ಕೆಮ್ಮಿ ನಿಂತಿತು. ಇದ್ದಕ್ಕಿದ್ದಂತೆ ಎಲ್ಲ ಸದ್ದೂ ಹೋಗಿ ಹೊಳೆಯ ಸದ್ದು ಮಾತ್ರ ಉಳಿಯಿತು. ಬೀದಿ ಮುಗಿಯುವಲ್ಲಿ ನೀರು ಹೊಳೆಗೆ ಸೇರುತ್ತಿತ್ತು. ದೋಣಿ ಅಡ್ಡಡ್ಡ ತಿರುಗಿ ಆ ಕಡೆಗೇ ಹೊರಟಿತು. ಹರಿವಿನ ಮುಂದೆ ಮುಳುಗಿದ ಸೇತುವೆ, ಅದರ ಕಂಬಿಗಳಿಗೆ ಸಿಕ್ಕಿಕೊಂಡ ಮರದ ದಿಮ್ಮಿಗಳು. ಅಜ್ಜಿ ನನ್ನ ಮಣಿಕಟ್ಟು ಹಿಡಿದು, "ನಿಲ್ಲಿಸಮ್ಮ," ಎಂದರು, ಬಸ್ಸಿನಲ್ಲಿ ಸ್ಟಾಪು ತಪ್ಪಿದವರ ಹಾಗೆ. ನನ್ನ ಬಾಯಿಗೆ ಬಂದದ್ದು ಒಂದೇ ಮಾತು: ಅಮ್ಮಾ. ಇದರಲ್ಲಿ ಪೀಠಿಕೆಯೂ ಇಲ್ಲ, ಸಮಾರೋಪವೂ ಇಲ್ಲ.

ಆಮೇಲೆ ದೋಣಿ ಜಗ್ಗಿತು. ಹಗ್ಗ ನೀರಿನಿಂದ ಮೇಲೆದ್ದು ಬಿಗಿಯಾಗಿ ನಿಂತಿತು. ಆ ತುದಿಯಲ್ಲಿ ಚಾಚಾ, ಸೆಲ್ವ ಅಣ್ಣ, ಕಾಲೋನಿಯ ಹತ್ತು ಜನ. ಚಾಚಾ ಮರದ ಸುತ್ತನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ, ಎಳೆಯುವವರಿಗೆ ಲಯ ಕೂಗುತ್ತಾ ನಮ್ಮನ್ನು ತಂದು ದಡಕ್ಕೆ ಹಾಕಿದರು.

ನಾನು ಇಳಿದು ತಲೆ ತಗ್ಗಿಸಿ ನಿಂತೆ. ಅವರು ಏನಾದರೂ ಅನ್ನಲಿ ಎಂದು ಕಾದೆ. ಅವರು ಸೆಲ್ವ ಅಣ್ಣನ ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸಿದರು. ಅರ್ಧ ಲೋಟ. ಪೂರ್ತಿ ಲೋಟ ಕೊಟ್ಟಿದ್ದರೆ ಎಲ್ಲಾ ಚೆಲ್ಲಿರುತ್ತಿತ್ತು.

"ನಮ್ಮನ್ನ ಎಳೆದೋರು ಬಂಗಡೆ ಕೊಟ್ಟಿದ್ರು," ಎಂದರು. "ನನ್ನ ಹತ್ರ ಇಲ್ಲ ಬೇಟಿ. ಬ್ರೆಡ್ ತಿನ್ನು."

ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಎಂಜಿನ್ ಅವರ ವರ್ಕ್‌ಶಾಪಿಗೆ ಬಂತು. ಬಿಚ್ಚಿ, ರೆಕ್ಕೆಗಳೆಲ್ಲ ಹರಿದು ಕರಕಲಾಗಿದ್ದ ರಬ್ಬರ್ ಚಕ್ರವನ್ನು ನನ್ನ ಅಂಗೈ ಮೇಲಿಟ್ಟರು. ಆಲ್ಕೊಳದ ಮನೆಯಲ್ಲಿ ನನ್ನ ಬಹುಮಾನದ ಕಪ್ಪುಗಳ ಸಾಲಿನಲ್ಲಿ ಈಗ ಅದೂ ಇದೆ. ಬಂದವರು ಅದು ಯಾವ ಸ್ಪರ್ಧೆಯದು ಎಂದು ಕೇಳುತ್ತಾರೆ. ಉದ್ಘಾಟನೆಯದು ಎನ್ನುತ್ತೇನೆ.

ದೋಣಿ ಅಲ್ಲೇ ಉಳಿಯಿತು. ಅದರ ಜವಾಬ್ದಾರಿಯನ್ನು ಅವರು ಅಧ್ಯಕ್ಷ ಮಂಜನಿಗೆ ಕೊಡದೆ ನನಗೆ ಹಚ್ಚಿದರು. "ನಿನ್ನ ಹತ್ರ ಅನುಮಾನ ಬೇಕಾದಷ್ಟಿದೆ. ಮನುಷ್ಯರ ಮೇಲೆ ಖರ್ಚು ಮಾಡ್ಬೇಡ, ಎಂಜಿನ್ ಮೇಲೆ ಮಾಡು." ಪ್ರತಿ ವರ್ಷ ಮಳೆಗೆ ಮುಂಚೆ ನಾನು ಶಿವಮೊಗ್ಗದಿಂದ ಬರಬೇಕು. ಡ್ರಮ್ಮಿಗೆ ನೀರು ತುಂಬಿ ಎಂಜಿನ್ ಇಳಿಸಬೇಕು. ಧಾರೆ ಬೀಳಬೇಕು. ಮೊದಲ ವರ್ಷ ನಾನು ದೂರ ನಿಂತು ನೋಡಿ, "ಬರ್ತಿದೆಯಲ್ಲ, ಕಾಣ್ತಿದೆ," ಎಂದೆ.

"ಕಣ್ಣಿಗೆ ನೀರು ಕಾಣುತ್ತೆ, ಬಿಸಿ ಕಾಣುತ್ತಾ? ಕೈ ಇಡು."

ಇಟ್ಟೆ. ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ. ಕೈ ಸುಡುವಷ್ಟು ಬಿಸಿಯಾದರೆ ಒಳಗೆ ಎಲ್ಲೋ ಕಟ್ಟಿದೆ ಎಂದು ಅರ್ಥ. ಅಲ್ಲಿಯವರೆಗೆ ಪಕ್ಕದಲ್ಲಿ ಮರದ ಸ್ಟೂಲು ಹಿಡಿದು ನಿಂತಿದ್ದ ಚಾಚಾ, ನಾನು 'ತಗೊಂಡೆ' ಅಂದ ಮೇಲೆಯೇ ಊಟಕ್ಕೆ ಹೋದದ್ದು. ಹೀಗೆ ನಾಲ್ಕು ಮಳೆಗಾಲ.

ಈ ವರ್ಷ ಅವರು ಹಾಸಿಗೆ ಹಿಡಿದರು. ನನಗೆ ಶಿವಮೊಗ್ಗದಲ್ಲೇ ನವುಲೆ ಕಡೆಯ ಕಾಲೇಜಿನಲ್ಲಿ ಪಾಠ, ಶನಿವಾರ ಭಾನುವಾರ ಸ್ಪರ್ಧೆಗಳು. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ. ಅವರೇ ಫೋನ್ ಮಾಡಿದರು. ಉಸಿರು ಕಡಿಮೆಯಾಗಿದ್ದರೂ ದನಿ ಅಷ್ಟೇ ಗಟ್ಟಿ.

"ವಕೀಲಮ್ಮ, ಮೋಡ ಆಗ್ತಿದೆ. ಡ್ರಮ್ಮಿಗೆ ಇಳಿಸಿದ್ಯಾ?"

ಇಲ್ಲ ಎಂದರೆ ಎದ್ದು ಬಂದುಬಿಡುತ್ತಾರೆ ಎಂದು ಭಯವಾಯಿತು. ಇದು ಆಮೇಲೆ ನಾನು ಹೊಂದಿಸಿಕೊಂಡ ಸಮರ್ಥನೆ. ನಿಜವೇನೆಂದರೆ ಸ್ಪರ್ಧೆ ಶುರುವಾಗುವುದರಲ್ಲಿತ್ತು, ಫೋನು ಬೇಗ ಇಡಬೇಕಿತ್ತು.

"ಇಳಿಸಿದೆ ಚಾಚಾ. ಸೆಲ್ವ ಅಣ್ಣನ ಹತ್ರ ಕೀ ಇಸ್ಕೊಂಡು."

"ಕೈಗೆ ಹೇಗಿತ್ತು?"

"ಬೆಚ್ಚಗೆ."

"ಹಾಂ. ಹಾಗಾದ್ರೆ ಹೇಳು."

"ತಗೊಂಡೆ."

"ಸರಿ," ಎಂದರು.

ಭದ್ರಾವತಿ ತಲುಪುವಷ್ಟರಲ್ಲಿ ಅವರನ್ನು ಎತ್ತಿಕೊಂಡು ಹೋಗಿದ್ದರು. ಚಾಚಿಯ ಪಕ್ಕ ಕೂತೆ. ಅವರು ನನ್ನ ಕೈ ಹಿಡಿದು ಹೇಳಿದರು, "ನಿನ್ನ ಹತ್ರ ಮಾತಾಡಿದ್ಮೇಲೆ ಬಹಳ ಆರಾಮಾದ್ರು ಬೇಟಿ. 'ಹುಡುಗಿ ತಗೊಂಡ್ಳು, ಇನ್ನು ನಂದೇನಿಲ್ಲ' ಅಂದ್ರು. ಅವತ್ತಿಂದ ಚೆನ್ನಾಗಿ ಮಲಗಿದ್ರು."

ಇಡೀ ಜೀವಮಾನದಲ್ಲಿ ಆ ಮನುಷ್ಯ ಮುಟ್ಟಿ ನೋಡದೆ ತೆಗೆದುಕೊಂಡದ್ದು ಎರಡೇ. ಒಂದು, ಆ ತಣ್ಣೀರಿನ ಪೈಪು. ಇನ್ನೊಂದು, ನನ್ನ ಮಾತು.

ಮೂರನೇ ದಿನದ ಕಾರ್ಯ ಮುಗಿದ ಮಾರನೇ ಬೆಳಿಗ್ಗೆ ಸೆಲ್ವ ಅಣ್ಣನಿಂದ ಕೀ ಇಸಿದುಕೊಂಡು ವರ್ಕ್‌ಶಾಪಿನ ಬಾಗಿಲೆತ್ತಿದೆ. ಡ್ರಮ್ಮಿಗೆ ಹನ್ನೆರಡು ಕೊಡ ನೀರು. ಇಬ್ಬರೂ ಸೇರಿ ಎಂಜಿನ್ ಇಳಿಸಿದೆವು. ಸ್ಟಾರ್ಟ್ ಮಾಡಿ ತೂತಿಗೆ ಕೈ ಹಿಡಿದೆ. ಏನೂ ಇಲ್ಲ. ಒಂದು ಹನಿ ಇಲ್ಲ.

ಕೂಡಲೇ ಬಂದ್ ಮಾಡಿದೆ. ಬಗ್ಗಿ ನೋಡಿದರೆ ತೂತಿನ ತುಂಬ ಮಣ್ಣು. ಕಣಜದ ಹುಳು ಗೂಡು ಕಟ್ಟಿತ್ತು. ಒಂದು ಬೇಸಿಗೆಯಿಡೀ ಉಂಡೆ ಉಂಡೆ ತಂದು ಅಚ್ಚುಕಟ್ಟಾಗಿ ಮೆತ್ತಿತ್ತು. ನಾನು 'ಬೆಚ್ಚಗೆ' ಎಂದು ಫೋನಿನಲ್ಲಿ ಹೇಳುತ್ತಿದ್ದಾಗಲೂ ಅದು ಅಲ್ಲೇ ಇತ್ತು. ಹೊರಗೆ ಮೋಡ ಕಟ್ಟಿತ್ತು.

ಸೈಕಲ್ಲಿನ ಕಡ್ಡಿಯೊಂದನ್ನು ಹುಡುಕಿ ಮಣ್ಣನ್ನು ಕೆದಕಿ ತೆಗೆದೆ. ಮತ್ತೆ ಸ್ಟಾರ್ಟ್. ಎಂಜಿನ್ ಎರಡು ಸಲ ಗೊಣಗಿತು, ಕೆಂಪು ನೀರು ಉಗುಳಿತು, ಆಮೇಲೆ ಧಾರೆ ಬಂತು. ಕೈ ಇಟ್ಟೆ. ತಣ್ಣಗಿತ್ತು. ತೆಗೆಯದೆ ಹಾಗೇ ಹಿಡಿದೆ. ಬಹಳ ಹೊತ್ತಿನ ಮೇಲೆ ಬೆಚ್ಚಗಾಯಿತು. ಆಗ ನೋಡಿಕೊಂಡೆ, ನನ್ನ ಎಡಗೈ ಡ್ರಮ್ಮಿನ ಅಂಚನ್ನು ಹಿಡಿದುಕೊಂಡಿತ್ತು.

ಸತ್ತವರಿಗೆ ಕೇಳಿಸುತ್ತದೆ ಎನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ಕೇಳಿಸುವುದಿಲ್ಲ ಎಂದು ವಾದಿಸಿ ಎರಡು ಬಹುಮಾನ ಗೆದ್ದವಳು ನಾನು, ಆ ವಾದವನ್ನು ಇವತ್ತಿಗೂ ಹಿಂತೆಗೆದುಕೊಂಡಿಲ್ಲ. ಆದರೆ ಅವರ ನಿಯಮ ಒಂದಿದೆ: ಬಂದವನು ಹೇಳುವವರೆಗೆ ಇದ್ದವನು ಹೋಗುವಂತಿಲ್ಲ.

"ತಗೊಂಡೆ," ಎಂದೆ. ಗಟ್ಟಿಯಾಗಿಯೇ ಹೇಳಿದೆ. ಅವರ ಕಿವಿ ಮಂದ, ಮೇಲಾಗಿ ಎಂಜಿನ್ ಓಡುತ್ತಿತ್ತು.